ಅನರ್ಥದಂಡತ್ಯಾಗವೂ ಹೊಲದ ಹೊಗೆಯೂ

ನೀರನ್ನು ಸೋಸಿಯೇ ಕುಡಿಯಬೇಕೆಂಬುದು ಶ್ರಾವಕರ ಮನೆಗಳಲ್ಲಿ ಮಕ್ಕಳಿಗೂ ತಿಳಿದ ನಿಯಮ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಆ ನೀರು ಬಂದ ಬಾವಿಗೇ ಮರಳಿಸುವಷ್ಟು ಸೂಕ್ಷ್ಮವಾದ ದಯೆ ಇದರಲ್ಲಿದೆ. ಅನ್ನವನ್ನಾದರೋ ಅಷ್ಟಮಿ ಚತುರ್ದಶಿಗಳಂದು ತ್ಯಜಿಸಬಲ್ಲೆವು. ಆದರೆ ಉಸಿರನ್ನು ತ್ಯಜಿಸುವ ಉಪವಾಸವಿಲ್ಲ. ಹಾಗಾದರೆ ಗಾಳಿಯ ವಿಷಯದಲ್ಲಿ ವ್ರತಿಕನ ಕರ್ತವ್ಯವೇನು?

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಇದು ಕೇವಲ ತತ್ತ್ವಚರ್ಚೆಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರಿನ ಸೀಮೆ ಭತ್ತದ ಕಣಜವಾಯಿತು. ಕಾರ್ತಿಕದ ಅಷ್ಟಾಹ್ನಿಕ ಪರ್ವ ಮುಗಿದ ಸುಮಾರಿಗೆ ಕೊಯ್ಲು ನಡೆಯುತ್ತದೆ. ಯಂತ್ರವು ಕೊಯ್ದುಹೋದ ಗದ್ದೆಯಲ್ಲಿ ಉಳಿದ ಕೂಳೆಗೂ ಹುಲ್ಲಿಗೂ ಕೆಲವರು ಬೆಂಕಿಯಿಡುತ್ತಾರೆ. ಆ ಹೊಗೆ ಬದುವಿನಲ್ಲಿ ನಿಲ್ಲುವುದಿಲ್ಲ. ಪಟ್ಟಣಕ್ಕೆ ಬಂದು ವಾಹನಗಳ ಹೊಗೆ, ಅಕ್ಕಿ ಗಿರಣಿಯ ಬೂದಿ, ರಸ್ತೆಯ ಧೂಳು, ಬೀದಿಯಲ್ಲಿ ಸುಡುವ ಕಸದ ಹೊಗೆಗಳೊಡನೆ ಬೆರೆಯುತ್ತದೆ. ಚಳಿಗಾಲದ ಮುಂಜಾನೆ ಮೇಲೇಳದೆ ನೆಲದ ಬಳಿಯೇ ನಿಲ್ಲುತ್ತದೆ.

ಇದರಲ್ಲಿ ಹೆಚ್ಚು ಅಪಾಯಕಾರಿಯಾದುದು ಕಣ್ಣಿಗೆ ಕಾಣುವ ಮಸಿಯಲ್ಲ, 2.5 ಮೈಕ್ರಾನಿಗಿಂತ ಸಣ್ಣದಾದ, ತಲೆಗೂದಲಿನ ದಪ್ಪದಲ್ಲಿ ಸುಮಾರು 30ರಲ್ಲಿ ಒಂದು ಪಾಲಿನ ಕಣ. ಅದು ಮುಖಕ್ಕೆ ಕಟ್ಟಿದ ಬಟ್ಟೆಯನ್ನು ದಾಟಿ ಶ್ವಾಸಕೋಶದ ಆಳಕ್ಕಿಳಿಯುತ್ತದೆ, ರಕ್ತವನ್ನೂ ಸೇರಬಲ್ಲದು. ಉಬ್ಬಸ, ಹೃದ್ರೋಗ, ಪಾರ್ಶ್ವವಾಯುಗಳಿಗೆ ಅದು ಕಾರಣವಾಗುತ್ತದೆ. ಇಂತಹ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿತು. 2009ರಲ್ಲಿ ಗೊತ್ತುಪಡಿಸಿದ ನಮ್ಮ ದೇಶದ ಮಿತಿ 40.

ಬೇಸಾಯದಲ್ಲಿ ಆಗುವುದು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಅದು ಅನಿವಾರ್ಯವಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮುಂದಿನ ಬೆಳೆಗೆ ದಿನಗಳು ಕಡಿಮೆ, ಹುಲ್ಲು ತೆಗೆಸಲು ಕೂಲಿ ಹೆಚ್ಚು. ಆದರೆ ಉಳದೆ ಬೆಳೆಯಿಲ್ಲ, ಸುಡದೆಯೂ ಬೆಳೆಯುಂಟು. ಬೇರೆ ದಾರಿಯಿರುವಾಗ ಮಾಡಿದ ಹಿಂಸೆಗೆ ಅನಿವಾರ್ಯವೆಂಬ ಹೆಸರು ಸಲ್ಲದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ಬೆಂಕಿ ಹೊತ್ತಿಸುವುದನ್ನು ಪ್ರಮಾದಚರ್ಯೆಯೆಂದೂ, ಕೊಲ್ಲುವ ಸಾಧನವಾಗಿ ಬೆಂಕಿಯನ್ನು ಪರರಿಗೆ ಕೊಡುವುದನ್ನು ಹಿಂಸಾದಾನವೆಂದೂ ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಆ ಉರಿಯಲ್ಲಿ ವಾಯುಕಾಯಿಕ ಜೀವಿಗಳು ಮಾತ್ರವಲ್ಲ, ಹುಳು, ಇರುವೆ ಮುಂತಾದ ತ್ರಸಜೀವಿಗಳೂ ಬೇಯುತ್ತವೆ.

ಅಶೋಕನ ಹೆಸರನ್ನೇ ಹೇಳುವ ಶಿಲಾಶಾಸನವು 1915ರಲ್ಲಿ ದೊರೆತದ್ದು ಮಸ್ಕಿಯಲ್ಲಿ. ಅದೇ ಅರಸನು ಉತ್ತರ ಭಾರತದ ತನ್ನ ಐದನೆಯ ಸ್ತಂಭಶಾಸನದಲ್ಲಿ, ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂದು ವಿಧಿಸಿದ್ದಾನೆ. ಆ ಹೆಸರು ಇರುವ ನೆಲದಲ್ಲಿ ಈ ಮಾತು ಮರೆತುಹೋಗಬಾರದು.

ನೀರನ್ನು ಕುಡಿಯುವವನು ಸೋಸಿಕೊಳ್ಳಬಹುದು. ಗಾಳಿಯನ್ನು ಬೆಂಕಿ ಹಚ್ಚುವವನೇ ಕಾಪಾಡಬೇಕು. ಗಣಿಗಳಲ್ಲಿ ಬಂಡೆ ಕೊರೆಯುವಾಗ ನೀರು ಹಾಯಿಸಿ ಧೂಳನ್ನು ಹುಟ್ಟಿದಲ್ಲಿಯೇ ಅಡಗಿಸುವ ಕ್ರಮವುಂಟು. ಹಟ್ಟಿಯ ಚಿನ್ನದ ಗಣಿಯಿರುವ ಲಿಂಗಸುಗೂರು ತಾಲೂಕಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗೆಯೇ ಹುಲ್ಲು ದನಗಳಿಗೆ ಮೇವಾಗಲಿ, ಕೂಳೆ ಮಣ್ಣಿನಲ್ಲಿ ಬೆರೆತು ಗೊಬ್ಬರವಾಗಲಿ. ಗಿರಣಿಯ ಬೂದಿ ಹೊರಗೆ ಹಾರದಿರಲಿ. ಮನೆಯ ಕಸಕ್ಕೆ ಬೆಂಕಿ ತಾಗದಿರಲಿ.

ಹೊಲವನ್ನು ಪಾಲಿಗೆ ಕೊಟ್ಟವರು "ಸುಟ್ಟವನು ಅವನು" ಎಂದು ತಪ್ಪಿಸಿಕೊಳ್ಳುವಂತಿಲ್ಲ. ಕೃತದಂತೆಯೇ ಕಾರಿತಕ್ಕೂ ಅನುಮೋದನೆಗೂ ಬಂಧವುಂಟು. ಹುಲ್ಲು ತೆಗೆಸುವ ಕೂಲಿಯಲ್ಲಿ ತಮ್ಮ ಪಾಲನ್ನು ಕೊಡುವುದೇ ಅವರ ತ್ಯಾಗ. ಕೊಯ್ಲಿಗೆ ಮುಂಚಿನ ಚತುರ್ದಶಿಯಂದು ಆಹಾರತ್ಯಾಗದ ಜೊತೆಗೆ ಈ ನಿಯಮವನ್ನೂ ಕೈಗೊಳ್ಳೋಣ. ಉಪವಾಸ ನಮ್ಮ ಆತ್ಮಕ್ಕೆ ಹಿತ. ಈ ನಿಯಮ ನೆರೆಮನೆಯ ಕೂಸಿನ ಉಸಿರಿಗೂ ಹಿತ.