ತಿದ್ದಿದ ತಾರೀಕು

ಮಳೆಗಾಲ ಬಂತೆಂದರೆ ಮತ್ತೋಡು, ಹೊಸದುರ್ಗ, ಹಿರಿಯೂರಿನ ಕಡೆ ಎದುರಾದವರೆಲ್ಲ ಕೇಳುವ ಪ್ರಶ್ನೆ ಒಂದೇ: ಮಾರಿಕಣಿವೆಯಲ್ಲಿ ನೀರು ಎಷ್ಟಾಯಿತು? ಮಾರಿಕಣಿವೆ ಎಂದರೆ ವಾಣಿವಿಲಾಸ ಸಾಗರ; ಅದರ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಕೆಳಗಿನ ತೋಟದವರಿಗೆ ಅದು ಹಬ್ಬ. ಹಿನ್ನೀರಿನ ಅಂಚಿನಲ್ಲಿ ಜಮೀನಿರುವ ಹೊಸದುರ್ಗ ತಾಲ್ಲೂಕಿನವರಿಗೆ ನಿದ್ದೆಗೆಡಿಸುವ ಸುದ್ದಿ. ಅಂಥ ಅಂಕಿಯೇ ವಾಟ್ಸಾಪಿನಲ್ಲಿ ತಾರೀಕಿಲ್ಲದೆ ಕೈಯಿಂದ ಕೈಗೆ ಹೋಗುತ್ತದೆ. ಎಂದೋ ತೆಗೆದ ಕೋಡಿಯ ಫೋಟೊ ಇವತ್ತಿನದೆಂದು ಬರುತ್ತದೆ.

ಮತ್ತೋಡಿನಲ್ಲಿ ಯಾರಾದರೂ ಒಬ್ಬರು ಈ ಅಂಕಿಯನ್ನು ದಿನವೂ ವೆಬ್ ಫೀಡ್ ಆಗಿ, ಎಂದರೆ ಓದುಗರ ತಂತ್ರಾಂಶಕ್ಕೆ ತಾನಾಗಿ ತಲುಪುವ ಸುದ್ದಿಪಟ್ಟಿಯಾಗಿ, ಕೊಡಲು ಹೊರಟರು ಎನ್ನೋಣ. ಅದಕ್ಕೆ ಬೇಕಾದದ್ದು ಬಹಳ ಕಡಿಮೆ. ನೋಟ್‌ಪ್ಯಾಡ್‌ನಂಥ ಸಾದಾ ತಂತ್ರಾಂಶ, ಒಂದು ಕಡತ. ಪ್ರತಿ ಸುದ್ದಿಗೂ ಒಂದು ತಲೆಬರಹ, ಒಂದು ಕೊಂಡಿ, ಒಂದು ತಾರೀಕು, ಎಂದಿಗೂ ಬದಲಾಗದ ಒಂದು ಗುರುತು. ನೆಟ್‌ಸ್ಕೇಪ್ ಕಂಪನಿ 1999ರಲ್ಲಿ ಶುರುಮಾಡಿದ ಈ ಪದ್ಧತಿ 2002ರಲ್ಲಿ ಆರ್‌ಎಸ್‌ಎಸ್ 2.0 ಆಯಿತು; 2005ರ ಡಿಸೆಂಬರಿನಲ್ಲಿ ಆಟಮ್ ಎಂಬ ಇನ್ನೊಂದು ಮಾದರಿಯ ನಿಯಮ ಅಧಿಕೃತವಾಗಿ ಪ್ರಕಟವಾಯಿತು. ಟ್ಯಾಗ್ ಬರೆಯಲು ಬೇಸರವಾದವರಿಗೆ ಲಿಸ್ಟ್‌ಗಾರ್ಡನ್‌ನಂಥ ಸಲಕರಣೆಗಳಿದ್ದವು. ವಿಸಿಕ್ಯಾಲ್ಕ್ ರೂಪಿಸಿದವರಲ್ಲಿ ಒಬ್ಬರಾದ ಡ್ಯಾನ್ ಬ್ರಿಕ್ಲಿನ್ ಅವರದು ಅದು. ಖಾನೆಗಳನ್ನು ನಾವು ತುಂಬಿದರೆ ಉಳಿದದ್ದನ್ನು ಅದು ಬರೆದುಕೊಡುತ್ತಿತ್ತು. ಈಗ ವರ್ಡ್‌ಪ್ರೆಸ್‌ನಂಥವು ಫೀಡನ್ನು ತಾವಾಗಿಯೇ ತಯಾರಿಸುತ್ತವೆ. ತಮ್ಮ ಬರಹಕ್ಕೊಂದು ಫೀಡ್ ಇದೆ ಎಂಬುದೇ ಬರೆಯುವವರಲ್ಲಿ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಹಾಗಿದ್ದರೂ ಕೈಯಿಂದ ಬರೆಯುವುದರಲ್ಲಿ ಏನೋ ಇದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಶ್ರಮಕ್ಕಾಗಿ ನಾನು ಈ ಮಾತು ಹೇಳುತ್ತಿಲ್ಲ. ಒಂದು ಆಂಪರ್‌ಸ್ಯಾಂಡ್ ಚಿಹ್ನೆಯನ್ನು ಹಾಗೇ ಬಿಟ್ಟರೆ ಇಡೀ ಕಡತವೇ ಕೆಡಬಹುದು, ನಿಜ. ಅದನ್ನು ಹಿಡಿದುಕೊಡಲು ಫೀಡ್ ಪರೀಕ್ಷಿಸುವ ತಂತ್ರಾಂಶಗಳಿವೆ. ಆದರೆ 121.5 ಅಡಿ ಎನ್ನುವಲ್ಲಿ 125.1 ಎಂದು ಬಿದ್ದರೆ ಅವು ತುಟಿ ಬಿಚ್ಚುವುದಿಲ್ಲ. ಟ್ಯಾಗ್ ಸರಿಯಾಗಿದೆ, ಕಡತ ಪಾಸು. ಅಂಕಿಯ ಹೊಣೆ ಬರೆಯುವ ಕೈಯದೇ.

ತಪ್ಪು ಮರುದಿನ ಬೆಳಿಗ್ಗೆ ಕಣ್ಣಿಗೆ ಬಿತ್ತು, ಅಂಕಿ ತಿದ್ದಿದ್ದಾಯಿತು ಎನ್ನೋಣ. ತಾರೀಕನ್ನು ಏನು ಮಾಡಬೇಕು? ಆಟಮ್‌ನಲ್ಲಿ ಎರಡು ತಾರೀಕಿಗೆ ಜಾಗವಿದೆ: ಪ್ರಕಟಿಸಿದ್ದು ಒಂದು, ಪರಿಷ್ಕರಿಸಿದ್ದು ಇನ್ನೊಂದು. ಪ್ರಕಟಿಸಿದ ತಾರೀಕು ಇಲ್ಲದಿದ್ದರೂ ನಡೆಯುತ್ತದೆ, ಪರಿಷ್ಕರಿಸಿದ್ದು ಇರಲೇಬೇಕು. ಯಾವ ತಿದ್ದುಪಡಿಗೆ ಅದನ್ನು ಬದಲಿಸಬೇಕು ಎಂಬುದಕ್ಕೆ ನಿಯಮ ಹೇಳುವುದು ಇಷ್ಟೇ: ಪ್ರಕಟಿಸುವವರಿಗೆ ಮಹತ್ವದ್ದೆನಿಸಿದ ಬದಲಾವಣೆಗೆ. ಸೆಕೆಂಡಿನವರೆಗೂ ಸಮಯ ಬರೆಯುವ ಕ್ರಮವನ್ನು ಕಟ್ಟುನಿಟ್ಟಾಗಿ ಗೊತ್ತುಮಾಡಿದ ಎಂಜಿನಿಯರುಗಳು ಇಲ್ಲಿ ಬಂದು ನಿಂತರು. ಮುಂದಿನದನ್ನು ಬರೆಯುವವರ ಆತ್ಮಸಾಕ್ಷಿಗೆ ಬಿಟ್ಟರು. ತಾಂತ್ರಿಕ ದಾಖಲೆಯೊಂದರ ಈ ವಿನಯ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುತ್ತದೆ.

ಯಾರಿಗೆ ಮಹತ್ವದ್ದು? ಬೆಂಗಳೂರಿನಲ್ಲಿ ಕೂತು ಊರಿನ ನೆನಪಿಗೆ ಓದುವವರಿಗೆ ಮೂರೂವರೆ ಅಡಿ ಹೆಚ್ಚುಕಡಿಮೆ ಏನೂ ಅಲ್ಲ. ಆ ಅಂಕಿ ನಂಬಿ ರಾತ್ರೋರಾತ್ರಿ ಹಿನ್ನೀರಿನ ದಡದಿಂದ ಪಂಪ್‌ಸೆಟ್ ಎತ್ತಿಸಿದ ರೈತರಿಗೆ ಅದು ಒಂದು ದಿನದ ಕೂಲಿ, ಒಂದು ರಾತ್ರಿಯ ದಿಗಿಲು. ಗುರುತನ್ನೂ ತಾರೀಕನ್ನೂ ಮುಟ್ಟದೆ ಅಂಕಿ ಮಾತ್ರ ಬದಲಿಸಿದರೆ ತಪ್ಪು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಹೊಸ ಗುರುತು ಕೊಟ್ಟರೆ ತಿದ್ದುಪಡಿ ಹೊಸ ಸುದ್ದಿಯ ವೇಷದಲ್ಲಿ ಬರುತ್ತದೆ, ಹಳೆಯದರ ನಂಟು ಕಡಿದುಹೋಗುತ್ತದೆ. ಎರಡೂ ಪರೀಕ್ಷೆಯಲ್ಲಿ ಪಾಸಾಗುತ್ತವೆ.

ಮತ್ತೋಡಿನಲ್ಲಿ ಕೂತು ತಾರೀಕಿನ ಬಗ್ಗೆ ಯೋಚಿಸುವಾಗ ಫ್ರಾನ್ಸಿಸ್ ಬುಕಾನನ್ ನೆನಪಾಗದೆ ಇರುವುದಿಲ್ಲ. ಟಿಪ್ಪುವಿನ ಪತನದ ನಂತರ ಗವರ್ನರ್ ಜನರಲ್ ವೆಲ್ಲೆಸ್ಲಿ ಮೈಸೂರು ಸೀಮೆಯನ್ನು ನೋಡಿ ಬರೆಯಲು ಅವರನ್ನು 1800ರಲ್ಲಿ ಕಳಿಸಿದರು. ಮತ್ತೋಡಿಗೆ ಬಂದಾಗ ಇಲ್ಲಿ ಬಳೆಗೆ ಗಾಜು ಕಾಯಿಸುವ ಕೆಲಸವನ್ನು ಬುಕಾನನ್ ವಿವರವಾಗಿ ಬರೆದಿಟ್ಟರು. ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಆದರೆ ಅವರು ಬರೆದ ಕ್ರಮ ದಿನಚರಿಯದು, ಪ್ರತಿ ನಡಿಗೆಗೂ ತಾರೀಕು. ಆ ತಾರೀಕು ಇರುವುದರಿಂದಲೇ ಮತ್ತೋಡಿನ ಕುಲುಮೆಗಳ ಆ ವರ್ಣನೆ ಇವತ್ತಿಗೂ ನಿಜ. ತಾರೀಕು ಕಿತ್ತು ಫಾರ್ವರ್ಡ್ ಮಾಡಿದರೆ ಅದೇ ವಾಕ್ಯಗಳು ಸುಳ್ಳಾಗುತ್ತವೆ.

ಹಾಗಾಗಿ ಆ 125.1ರ ವಿಷಯದಲ್ಲಿ ನನ್ನ ಒಲವು ಇದು. ಗುರುತು ಹಳೆಯದೇ ಇರಲಿ, ಪ್ರಕಟಿಸಿದ ತಾರೀಕೂ ಹಾಗೇ ಇರಲಿ. ಪರಿಷ್ಕರಿಸಿದ ಹೊತ್ತು ಮಾತ್ರ ಬದಲಾಗಲಿ, ಕೊನೆಗೆ ನಮ್ಮ ದೇಶದ ಸಮಯವನ್ನು ಸೂಚಿಸುವ +05:30 ಸಮೇತ. ವಿವರದ ಸಾಲಿನಲ್ಲಿ ಹೀಗೆ ಬರೆಯಬಹುದು: ‘ನಿನ್ನೆ 125.1 ಎಂದು ಹಾಕಿದ್ದು ತಪ್ಪು. ಸರಿಯಾದ ಮಟ್ಟ 121.5 ಅಡಿ. ಪಂಪ್‌ಸೆಟ್ ಎತ್ತಿದವರು ಕ್ಷಮಿಸಬೇಕು.’ ಈ ಕೊನೆಯ ವಾಕ್ಯಕ್ಕೆ ಆಟಮ್‌ನಲ್ಲಾಗಲಿ ಆರ್‌ಎಸ್‌ಎಸ್‌ನಲ್ಲಾಗಲಿ ಪ್ರತ್ಯೇಕ ಟ್ಯಾಗ್ ಇಲ್ಲ. ಬರೆಯುವವರೇ ಬರೆಯಬೇಕು.