ಶಾಲೆಯಲ್ಲಿ ನೊಂದ ಮಗು: ವಿಮೆಯ ಹೊಣೆ, ಪ್ರಮಾದದ ಹೊಣೆ

ಗೃಹಸ್ಥನಾದ ಶ್ರಾವಕನು ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಲಾರನೆಂಬುದನ್ನು ನಮ್ಮ ಆಚಾರ್ಯರು ಬಲ್ಲವರಾಗಿದ್ದರು. ಆದುದರಿಂದಲೇ ಅವನಿಗೆ ಮಹಾವ್ರತಗಳನ್ನು ವಿಧಿಸದೆ ಅಣುವ್ರತಗಳನ್ನು ವಿಧಿಸಿದರು. ಅಡುಗೆಮನೆ, ಹೊಲ, ಅಂಗಡಿಗಳಲ್ಲಿ ಒದಗುವ ಹಿಂಸೆಯನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚಿಂತನೆ ನಡೆದಿದೆ. ಆದರೆ ವಿದ್ಯಾದಾನದ ಹೆಸರಿನಲ್ಲಿ ನಡೆಯುವ ಶಾಲೆಯ ಅಂಗಳದಲ್ಲಿ ಮಗುವೊಂದು ಬಿದ್ದು ಅಂಗಹೀನವಾದರೆ ಆ ಹಿಂಸೆ ಯಾರದು? ಶಾಲೆಯವರು ವಿಮೆ ಮಾಡಿಸಿದ್ದರೆ ಅವರ ಹೊಣೆ ತೀರಿತೆ? ಧರ್ಮದರ್ಶಿಗಳಾಗಿ, ಆಡಳಿತ ಸಮಿತಿಯ ಸದಸ್ಯರಾಗಿ ಶಾಲೆಗಳ ಭಾರವನ್ನು ಹೊತ್ತಿರುವ ಬಂಧುಗಳು ಈ ಪ್ರಶ್ನೆಯನ್ನು ಎದುರಿಸಲೇಬೇಕು.

ತುಮಕೂರಿನ ಮಂಡಿಪೇಟೆಯ ವರ್ತಕನಿಗೆ ವಿಮೆ ಹೊಸದಲ್ಲ. ಗೋದಾಮಿಗೆ ಬೆಂಕಿ ವಿಮೆ, ಲಾರಿಯಲ್ಲಿ ಹೋಗುವ ಅಡಿಕೆ ಕೊಬ್ಬರಿಗೆ ಸಾಗಾಣಿಕೆ ವಿಮೆ ಅವನಿಗೆ ನಿತ್ಯದ ವ್ಯವಹಾರ. ಸರಕು ನಷ್ಟವಾದರೆ ಅದರ ಬೆಲೆ ಕೈಸೇರಿದೊಡನೆ ಲೆಕ್ಕ ಚುಕ್ತಾ ಆಗುತ್ತದೆ. ಮಗುವಿನ ಕಣ್ಣಿಗೆ, ಕಾಲಿಗೆ ಹಾಗೆ ಬೆಲೆ ಕಟ್ಟಲು ಬರುವುದಿಲ್ಲ. ಆದುದರಿಂದ ಇಲ್ಲಿ ವಿಮೆಯ ಸ್ವರೂಪವೇ ಬೇರೆ, ಅದೂ ಎರಡು ಬಗೆ. ಗುಂಪು ಅಪಘಾತ ವಿಮೆಯಲ್ಲಿ ತಪ್ಪು ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ. ಅಪಘಾತವಾಗಿ ಮಗು ಮೃತಪಟ್ಟರೆ ಅಥವಾ ಅಂಗ ಊನವಾದರೆ ಗೊತ್ತುಪಡಿಸಿದ ಮೊತ್ತವು ಸಲ್ಲುತ್ತದೆ. ಹೊಣೆಗಾರಿಕೆಯ ವಿಮೆ ಹಾಗಲ್ಲ. ಶಾಲೆಯ ಅಲಕ್ಷ್ಯದಿಂದಲೇ ಕೇಡು ಸಂಭವಿಸಿತೆಂದು ಕಾನೂನಿನ ಪ್ರಕಾರ ನಿರ್ಧಾರವಾದರೆ, ಶಾಲೆಯು ಕೊಡಬೇಕಾದ ಪರಿಹಾರವನ್ನು ಅದರ ಪರವಾಗಿ ಕಂಪನಿಯು ಕೊಡುತ್ತದೆ. ಮೊದಲನೆಯದು ಮಗುವಿಗೆ ಆಸರೆ, ಎರಡನೆಯದು ಶಾಲೆಗೆ ಆಸರೆ. ಎರಡನೆಯದನ್ನು ಮಾತ್ರ ಕೊಂಡು ಮೊದಲನೆಯದನ್ನು ಮರೆತ ಸಂಸ್ಥೆಯು ತನ್ನ ತಿಜೋರಿಯನ್ನು ಕಾಪಾಡಿಕೊಂಡಿತೇ ಹೊರತು ಮಕ್ಕಳನ್ನಲ್ಲ.

ನ್ಯಾಯದ ದಾರಿ ಎಷ್ಟು ದೀರ್ಘವೆಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ. 2006ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಬಿ.ಎನ್.ಎಂ. ಶಿಕ್ಷಣ ಸಂಸ್ಥೆಯ 14 ವರ್ಷದ ವಿದ್ಯಾರ್ಥಿನಿಯೊಬ್ಬಳು ಶಾಲೆಯ ವತಿಯಿಂದ ಉತ್ತರ ಭಾರತದ ಪ್ರವಾಸಕ್ಕೆ ಹೋದಾಗ ಜ್ವರಕ್ಕೆ ತುತ್ತಾದಳು. ಅದು ಮಿದುಳಿಗೇರಿ ಆಕೆ ಹಾಸಿಗೆ ಹಿಡಿದಳು. ಜೊತೆಗಿದ್ದ ಅಧ್ಯಾಪಕರು ಸಕಾಲದಲ್ಲಿ ಚಿಕಿತ್ಸೆ ಕೊಡಿಸದೆ ಅಲಕ್ಷಿಸಿದರೆಂದು ನಿರ್ಣಯವಾಗಿ, ರಾಜ್ಯ ಗ್ರಾಹಕ ಆಯೋಗವು 88,73,798 ರೂಪಾಯಿಗಳ ಪರಿಹಾರವನ್ನು ವಿಧಿಸಿತು. ರಾಷ್ಟ್ರೀಯ ಆಯೋಗವು ಅದನ್ನು 50 ಲಕ್ಷಕ್ಕೆ ಇಳಿಸಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊದಲಿನ ಮೊತ್ತವನ್ನೇ ಎತ್ತಿಹಿಡಿಯಿತು. ಜ್ವರ ಬಂದದ್ದು ಯಾರ ಅಪರಾಧವೂ ಅಲ್ಲ; ಬಂದ ಜ್ವರವನ್ನು ಗಮನಿಸದಿದ್ದುದು ಅಪರಾಧ. ಕೊನೆಯ ತೀರ್ಪು ಬರುವ ವೇಳೆಗೆ ಹದಿನಾಲ್ಕು ವರ್ಷಗಳು ಸಂದಿದ್ದವು. ಮೊದಲ ದಿನವೇ ಬೇಕಾಗಿದ್ದುದು ಒಬ್ಬ ವೈದ್ಯ.

ಈ 'ಗಮನಿಸದಿರುವಿಕೆ'ಯನ್ನೇ ನಮ್ಮ ಶಾಸ್ತ್ರವು ಪ್ರಮಾದವೆಂದು ಕರೆಯುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಮೊದಲು ಪ್ರಮಾದವನ್ನು ಇರಿಸುತ್ತದೆ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ಯುತ್ತಾರೆ. ಎಚ್ಚರದಿಂದ ನಡೆಯುವವನಿಂದ ಅಕಸ್ಮಾತ್ತಾಗಿ ಜೀವಹಾನಿಯಾದರೂ ಅದು ಹಿಂಸೆಯಲ್ಲ. ಎಚ್ಚರವಿಲ್ಲದವನಿಂದ ಯಾವ ಜೀವಿಯೂ ಸಾಯದಿದ್ದರೂ ಹಿಂಸೆ ಆಗಿಯೇ ಹೋಗಿದೆ ಎಂಬುದು ಅವರ ಅಭಿಪ್ರಾಯ.

ಮೂರು ಅಳತೆಗೋಲುಗಳ ವ್ಯತ್ಯಾಸವು ಇಲ್ಲಿ ಸ್ಪಷ್ಟವಾಗುತ್ತದೆ. ಅಪಘಾತ ವಿಮೆಯು ಹಾನಿಯನ್ನು ಮಾತ್ರ ನೋಡುತ್ತದೆ. ಕಾನೂನು ಹಾನಿಯನ್ನೂ ಅಲಕ್ಷ್ಯವನ್ನೂ ಕೂಡಿಸಿ ನೋಡುತ್ತದೆ. ಧರ್ಮವು ಹಾನಿಗೆ ಕಾಯದೆ ಪ್ರಮಾದವನ್ನೇ ನೋಡುತ್ತದೆ. ಮುಚ್ಚಳವಿಲ್ಲದ ನೀರಿನ ತೊಟ್ಟಿ ಐದು ವರ್ಷ ಶಾಲೆಯಂಗಳದಲ್ಲಿದ್ದು ಯಾವ ಮಗುವೂ ಅದರೊಳಗೆ ಬೀಳಲಿಲ್ಲವೆನ್ನೋಣ. ವಿಮಾ ಕಂಪನಿಯ ಕಡತದಲ್ಲಿ ಅದು ಕ್ಲೇಮುಗಳಿಲ್ಲದ ಉತ್ತಮ ಶಾಲೆ. ಶ್ರಾವಕನ ಆತ್ಮದ ಖಾತೆಯಲ್ಲಿ ಐದು ವರ್ಷದ ಬಾಕಿ.

'ನಾವು ಊರಿನಲ್ಲಿರಲಿಲ್ಲ, ಅದು ಜವಾನನ ತಪ್ಪು' ಎಂಬ ಸಮಾಧಾನವೂ ಇಲ್ಲಿ ನಿಲ್ಲದು. ನೌಕರನು ಕೆಲಸದ ಸಂಬಂಧದಲ್ಲಿ ಮಾಡಿದ ಅಲಕ್ಷ್ಯಕ್ಕೆ ಯಜಮಾನನನ್ನು ಕಾನೂನು ಹೊಣೆ ಮಾಡುತ್ತದೆ. ನಮ್ಮಲ್ಲಿ ಕೃತ, ಕಾರಿತ, ಅನುಮತ ಎಂಬ ವಿಭಾಗವು ಶತಮಾನಗಳಿಂದ ಇದೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಿಂದ ಬರುವ ಮಕ್ಕಳನ್ನು ವ್ಯಾನಿನಲ್ಲಿ ಅಳತೆ ಮೀರಿ ತುಂಬುವವನು ಚಾಲಕ. ಒಂದೇ ಸುತ್ತಿನಲ್ಲಿ ಎಲ್ಲರನ್ನೂ ತಾ ಎಂದವನು ಕಾರ್ಯದರ್ಶಿ. ದಿನವೂ ನೋಡಿ ಸುಮ್ಮನಿದ್ದವರು ನಾವು. ವಾಹನಕ್ಕೆ ಮೂರನೆಯ ವ್ಯಕ್ತಿಯ ವಿಮೆಯನ್ನು 1988ರ ಮೋಟಾರು ವಾಹನ ಕಾಯಿದೆಯು ಕಡ್ಡಾಯ ಮಾಡಿದೆ. ಆ ಪಾಲಿಸಿಯು ಪರಿಹಾರದ ಹಣವನ್ನು ಹೊತ್ತೀತು. ಕಾರಿತ, ಅನುಮತಗಳ ಕರ್ಮವನ್ನು ಹೊರಲಾರದು. ಕರ್ಮಬಂಧವು ಇನ್ನೊಬ್ಬರ ಹೆಸರಿಗೆ ವರ್ಗವಾಗುವ ಆಸ್ತಿಯಲ್ಲ.

ಇನ್ನೊಂದು ಸೂಕ್ಷ್ಮವಾದ ತೊಡಕಿದೆ. ಹೊಣೆಗಾರಿಕೆಯ ಪಾಲಿಸಿಗಳಲ್ಲಿ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆಯನ್ನು ಒಪ್ಪಿಕೊಳ್ಳಬಾರದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ತಪ್ಪನ್ನು ಮರೆಮಾಚದೆ ಗುರುವಿನ ಮುಂದೆ ನಿವೇದಿಸುವ ಆಲೋಚನೆಯನ್ನು ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲೆಂದು ಬಗೆದ ನಾವು ಈ ಷರತ್ತಿಗೆ ಸಹಿ ಹಾಕುವುದು ಹೇಗೆ? ಷರತ್ತನ್ನು ಮುರಿದರೆ ಕಂಪನಿಯು ಹಣವನ್ನು ತಡೆಹಿಡಿದು ನಷ್ಟವು ಮಗುವಿನ ಮನೆಗೇ ತಟ್ಟಬಹುದೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಕಾನೂನಿನ ಹೊಣೆಯನ್ನು ಒಪ್ಪಿಕೊಳ್ಳುವುದು ಬೇರೆ, ನಡೆದುದನ್ನು ನಡೆದಂತೆ ಹೇಳುವುದು ಬೇರೆ. ಮಗು ಎಷ್ಟು ಗಂಟೆಗೆ ಬಿತ್ತು, ಎಲ್ಲಿ ಬಿತ್ತು, ಆಗ ಅಲ್ಲಿ ಯಾರಿದ್ದರು, ಆಸ್ಪತ್ರೆಗೆ ಒಯ್ಯಲು ಎಷ್ಟು ಹೊತ್ತಾಯಿತು ಎಂಬುದನ್ನು ತಂದೆತಾಯಿಗಳಿಗೂ ಕಂಪನಿಗೂ ಒಂದೇ ಮಾತಿನಲ್ಲಿ, ಅಂದೇ ತಿಳಿಸುವುದನ್ನು ಆ ಷರತ್ತು ತಡೆಯುವುದಿಲ್ಲ. ಪರಮ ವಿಶ್ವಾಸವು ವಿಮಾ ಕರಾರಿನ ಮೂಲತತ್ತ್ವವೆಂದು ವಾಣಿಜ್ಯಶಾಸ್ತ್ರದಲ್ಲಿ ಓದುತ್ತೇವೆ. ಹಾಜರಿ ಪುಸ್ತಕವನ್ನು ತಿದ್ದುವುದು, ಜೊತೆಯ ಮಕ್ಕಳ ಬಾಯಿ ಕಟ್ಟುವುದು ಆ ತತ್ತ್ವಕ್ಕೂ ಸತ್ಯಾಣುವ್ರತಕ್ಕೂ ಒಟ್ಟಿಗೆ ಬಗೆಯುವ ದ್ರೋಹ.

ಪರಿಹಾರದ ಹಣವನ್ನು ಕೊಡುವ ರೀತಿಯಲ್ಲಿಯೂ ವಿವೇಕ ಬೇಕು. ಔಷಧದಾನ, ಅಭಯದಾನಗಳು ನಮ್ಮ ಹೆಮ್ಮೆ. ಆದರೆ ನಮ್ಮ ಅಂಗಳದಲ್ಲಿ ನಮ್ಮ ಅಲಕ್ಷ್ಯದಿಂದ ನೊಂದ ಮಗುವಿನ ಆಸ್ಪತ್ರೆಯ ವೆಚ್ಚವು ದಾನವಲ್ಲ, ಋಣ. ಸಾಲ ತೀರಿಸುವವನು ಹಾರ ಹಾಕಿಸಿಕೊಳ್ಳುವುದಿಲ್ಲ.

ಸಣ್ಣ ಶಾಲೆಗಳಿಗೆ ಇದೆಲ್ಲ ಎಟುಕುವುದೆ ಎಂದು ಕೇಳುವವರುಂಟು. ಎಲ್ಲ ಮಕ್ಕಳನ್ನೂ ಒಳಗೊಂಡ ಗುಂಪು ವಿಮೆಯಲ್ಲಿ ತಲೆಗೆ ಬೀಳುವ ಕಂತು ದೊಡ್ಡ ಹೊರೆಯಲ್ಲ. ತೊಟ್ಟಿಗೆ ಮುಚ್ಚಳ ಹಾಕಿಸಲು ಕಂತೂ ಬೇಡ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಪ್ರವಾಸಕ್ಕೆ ಹೋಗಿ ಮುರುಡೇಶ್ವರದ ಕಡಲಿನಲ್ಲಿ ಮುಳುಗಿದರು. ಸರ್ಕಾರವು ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ತಾಯಂದಿರಿಗೆ ಬೇಕಾಗಿದ್ದುದು ಅದಲ್ಲವೆಂದು ಹೇಳಬೇಕಾಗಿಲ್ಲ.

ಸಮಿತಿ ಎಂಬ ಶಬ್ದಕ್ಕೆ ನಮ್ಮ ಶಾಸ್ತ್ರದಲ್ಲಿ ಎಚ್ಚರದ ನಡೆ ಎಂದೇ ಅರ್ಥ. ನಡೆಯುವಾಗ ನೆಲ ನೋಡುವುದು ಈರ್ಯಾಸಮಿತಿ. ವಸ್ತುವನ್ನು ಎತ್ತಿ ಇರಿಸುವಾಗ ಜೀವಿಗಳನ್ನು ಗಮನಿಸುವುದು ಆದಾನನಿಕ್ಷೇಪಣ ಸಮಿತಿ. ಮುನಿಗಳಿಗೆ ಹೇಳಿದ ಈ ಎಚ್ಚರದ ಒಂದಂಶವಾದರೂ ನಮ್ಮ ಆಡಳಿತ ಸಮಿತಿಗಳಿಗೆ ಬರಲಿ. ಪ್ರತಿ ಅಷ್ಟಮಿ, ಚತುರ್ದಶಿಗಳಂದು ಸದಸ್ಯನೊಬ್ಬನು ಶಾಲೆಯ ಮೆಟ್ಟಿಲು, ತೊಟ್ಟಿ, ವಿದ್ಯುತ್ ತಂತಿ, ವಾಹನಗಳನ್ನು ಕಣ್ಣಾರೆ ನೋಡಿ ಪುಸ್ತಕದಲ್ಲಿ ಬರೆದಿಡಲಿ. ಕಂಡ ಕೊರತೆಯನ್ನು ಮುಂದಿನ ಪರ್ವದಿನದೊಳಗೆ ಸರಿಪಡಿಸಲಿ. ವಿಮೆಯನ್ನು ತಪ್ಪದೆ ಮಾಡಿಸೋಣ, ಅದು ಗೃಹಸ್ಥನ ವಿವೇಕ. ಆದರೆ ಪಾಲಿಸಿಯ ಕಾಗದವನ್ನು ಕಪಾಟಿನಲ್ಲಿಟ್ಟು ಕಣ್ಣು ಮುಚ್ಚಿದರೆ, ಆ ಕಾಗದವೇ ನಮ್ಮ ಪ್ರಮಾದಕ್ಕೆ ಸಾಕ್ಷಿಯಾದೀತು.