ಒಂದು ಬಲ್ಬು, ಎರಡು ಕೋಣೆ

ನಮ್ಮ ಮನೆಗೆ ಮೊದಲು ಕರೆಂಟು ಬಂದದ್ದು ಭಾಗ್ಯಜ್ಯೋತಿ ಯೋಜನೆಯಲ್ಲಿ. ಮನೆಗೆ ಒಂದೇ ಬಲ್ಬು. ಅಬ್ಬಾ ಅದನ್ನು ಪಡಸಾಲೆಗೆ ಹಾಕಿಸಿದರು. ಅದರ ಬೆಳಕಿನಲ್ಲಿ ನಾನು ಅಲಿಫ್ ಬೇ ಕಲಿತೆ, ಅ ಆ ಇ ಈ ಕೂಡ ಕಲಿತೆ. ಗೋಡೆಯಾಚೆ ಅಮ್ಮಿ ಚಿಮಣಿ ದೀಪದಲ್ಲೇ ರೊಟ್ಟಿ ತಟ್ಟುತ್ತಿದ್ದಳು. ಹಸಿ ಸೌದೆಗೆ ಊದುಗೊಳವೆಯಿಂದ ಊದಿ ಊದಿ ಕೆಮ್ಮುತ್ತಿದ್ದಳು. ಬಲ್ಬು ಒಲೆಯ ಹತ್ತಿರ ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ. ಓದುತ್ತಿದ್ದ ನಾನೂ ಕೇಳಲಿಲ್ಲ.

ಶಕ್ತಿಯ ಬಳಕೆ ಹೆಚ್ಚಿದಷ್ಟೂ ಮನುಷ್ಯನ ಬದುಕು ಹಸನಾಗುತ್ತದೆಯೇ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ಗೋಡೆ ನೆನಪಾಗುತ್ತದೆ.

ಒಂದು ಹಂತದವರೆಗೆ ಹೌದು ಎನ್ನುತ್ತದೆ ಲೆಕ್ಕ. ಅಮೆರಿಕದ ಅಲನ್ ಪಾಸ್ಟರ್ನಾಕ್ 2000ದಲ್ಲಿ 60 ದೇಶಗಳ ವಿದ್ಯುತ್ ಬಳಕೆಯನ್ನು ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದೊಂದಿಗೆ ಹೋಲಿಸಿ ನೋಡಿದರು. ತಲೆಗೆ ವರ್ಷಕ್ಕೆ ಸುಮಾರು 4,000 ಯೂನಿಟ್‌ವರೆಗೆ ಸೂಚ್ಯಂಕ ಏರುತ್ತದೆ, ಆಮೇಲೆ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಭಾರತದ ಸರಾಸರಿ 2022-23ರಲ್ಲಿ ಸುಮಾರು 1,300 ಯೂನಿಟ್. ಹೀಗಿರುವಾಗ ಬಡವರಿಗೆ ಮಿತವ್ಯಯದ ಉಪದೇಶ ಮಾಡುವುದು ಅನ್ಯಾಯ. ಆದರೆ ಸರಾಸರಿಗೆ ಮನೆಯೊಳಗಿನ ಗೋಡೆ ಕಾಣುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ನಮ್ಮ ಮನೆಗೂ ಕರೆಂಟು ಬಂದಿತ್ತು, ಅಮ್ಮಿಗೆ ಬಂದಿರಲಿಲ್ಲ.

ನಾಡಿನ ಚರಿತ್ರೆಯೂ ಇದೇ ಜಾಡಿನದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ಸಾಗಿ ಕೋಲಾರದ ಚಿನ್ನದ ಗಣಿ ಸೇರಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಹಳ್ಳಿಗಳು ದಶಕಗಟ್ಟಲೆ ಕಾದವು. ಮೊದಲು ಚಿನ್ನ, ಆಮೇಲೆ ಪೇಟೆ, ಕಡೆಗೆ ಹಳ್ಳಿ. ಹಳ್ಳಿಯ ಮನೆಯಲ್ಲೂ ಮೊದಲು ಪಡಸಾಲೆ, ಕಡೆಗೆ ಒಲೆ.

ದೂರುವಾಗ ನಮ್ಮನ್ನೂ ನೋಡಿಕೊಳ್ಳಬೇಕು. ಮದುವೆಗಳಲ್ಲಿ ಶಾದಿ ಮಹಲ್‌ನ ಮುಂಭಾಗಕ್ಕೆಲ್ಲ ಸೀರಿಯಲ್ ಲೈಟು ಹೊದಿಸುತ್ತೇವೆ. ಹಿಂದುಗಡೆ ಬಿರಿಯಾನಿಯ ದೇಗಿಗೆ ಸೌದೆ ಒಟ್ಟುವವರ ಕಣ್ಣು ಹೊಗೆಗೆ ಕೆಂಪಾಗಿರುತ್ತದೆ. ಮುಂದಿನ ನೂರು ಬಲ್ಬು ಆರಿಸಿದರೆ ಯಾರ ಸಂತೋಷವೂ ಕಡಿಮೆಯಾಗದು. ಆ ದುಡ್ಡಿನಲ್ಲಿ ಹಿಂದಿನವರಿಗೆ ಗ್ಯಾಸ್ ಒಲೆ ಕೊಟ್ಟರೆ ಅವರ ಉಸಿರು ಹಗುರವಾಗುತ್ತದೆ. ಹಾಗಾಗಿ ಎಷ್ಟು ಶಕ್ತಿ ಬೇಕು ಎನ್ನುವುದಕ್ಕಿಂತ ಮೊದಲು ಯಾರಿಗೆ ಎಂದು ಕೇಳುವುದೇ ನ್ಯಾಯವೆಂದು ನನಗನ್ನಿಸುತ್ತದೆ.

ಈಗ ಅಮ್ಮಿಯ ಅಡುಗೆಮನೆಯಲ್ಲಿ ಟ್ಯೂಬ್‌ಲೈಟ್ ಇದೆ, ಗ್ಯಾಸ್ ಇದೆ. ಕೆಮ್ಮು ಮಾತ್ರ ಹಾಗೇ ಉಳಿದಿದೆ. ರಾತ್ರಿ ಬರೆಯಲು ಕುಳಿತಾಗ ಗೋಡೆಯಾಚೆಯಿಂದ ಅದು ಕೇಳಿಸುತ್ತದೆ.